ಹಾರೂಗೇರಿಯ ಫೇಲ್ ವಸ್ತಾದ

ಹಾರೂಗೇರಿಯಲ್ಲಿ ಫೇಲಾಗುವುದು ದೊಡ್ಡ ವಿಷಯವೇನಲ್ಲ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಊರಿನ ಅರ್ಧ ಹುಡುಗರು ಫೇಲಾಗಿ, ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಿರ್ಚಿ ಭಜಿ ತಿಂದು, ಮರುದಿನದಿಂದ ಹೊಲದ ಹಾದಿ ಹಿಡಿಯುತ್ತಿದ್ದರು. ಫೇಲಿಗೆ ಅಷ್ಟೇ ಮರ್ಯಾದೆ. ಅದನ್ನು ಒಂದು ವ್ರತದ ಮಟ್ಟಕ್ಕೆ ಏರಿಸಿ, ಅದಕ್ಕಾಗಿ ಒಂದು ಶಾಲೆಯನ್ನೇ ತೆರೆದ ಮಹಾನುಭಾವ ನಮ್ಮ ರಾವಸಾಹೇಬ.

ಅವನಿಗೆ ಈ ವಿಷಯದಲ್ಲಿ ಅನುಭವವೂ ಇತ್ತು. ಗಣಿತದ ಪರೀಕ್ಷೆಗೆ ಎಷ್ಟು ಸಲ ಕೂತಿದ್ದನೆಂದರೆ, ಕಡೆಕಡೆಗೆ ರಾಯಬಾಗದ ಪರೀಕ್ಷಾ ಕೇಂದ್ರದ ಸಿಪಾಯಿ ಅವನನ್ನು ಕಂಡೊಡನೆ "ಬರ್ರಿ ಸಾವಕಾರ್ರ, ನಿಮ್ಮ ಜಾಗಾ ಹಂಗ ಇಟ್ಟೇನ್ರಿ" ಎನ್ನುತ್ತಿದ್ದ. ಕಬ್ಬಿನ ಹೊಲ, ದ್ರಾಕ್ಷಿ ತೋಟ ಎರಡೂ ಇದ್ದ ಮನೆತನ. ಮಗನಿಗೆ ಗಣಿತ ಬಾರದಿದ್ದರೆ ಯಾವ ಬಳ್ಳಿಯೂ ಒಣಗುತ್ತಿರಲಿಲ್ಲ. ದೇಹ ಮಾತ್ರ ದೇವರು ಧಾರಾಳವಾಗಿ ಕೊಟ್ಟದ್ದು. ಬಾಗಿಲಲ್ಲಿ ನಿಂತನೆಂದರೆ ಪಡಸಾಲೆಯಲ್ಲಿ ಕೂತವರು ದೀಪ ಹಚ್ಚಬೇಕೋ ಏನೋ ಎಂದು ತಲೆ ಎತ್ತುತ್ತಿದ್ದರು.

೧೯೮೫ರ ಆಸುಪಾಸು. ದ್ರಾಕ್ಷಿಯ ಟ್ರಕ್ಕಿನ ಜೊತೆ ಸಾಂಗ್ಲಿಗೆ ಹೋದ ರಾವಸಾಹೇಬ, ಮಾಲು ಇಳಿಯುವತನಕ ಹೊತ್ತು ಕಳೆಯಲು ಪೇಟೆಯ ಹಿಂದಿನ ಓಣಿಯಲ್ಲಿ ಅಡ್ಡಾಡುತ್ತಿದ್ದಾಗ ಒಂದು ವ್ಯಾಯಾಮಶಾಲೆ ಕಂಡ. ಒಳಗೆ ಒಬ್ಬ ತರುಣ ಬೆಂಚಿನ ಮೇಲೆ ಅಂಗಾತ ಮಲಗಿ ಕಬ್ಬಿಣ ಎತ್ತುತ್ತಿದ್ದ. ಎತ್ತಿ ಎತ್ತಿ ಕೊನೆಗೆ ಕೈ ನಡುಗಿ, ಭಾರ ಎದೆಯ ಮೇಲೇ ಕೂತುಬಿಟ್ಟಿತು. ಇಬ್ಬರು ಓಡಿಬಂದು ಅದನ್ನು ತೆಗೆದರು. ತರುಣನ ಮುಖದಲ್ಲಿ ಮಾತ್ರ ದೇವರ ದರ್ಶನವಾದವನ ಕಳೆ. ಇದೇನೆಂದು ರಾವಸಾಹೇಬ ಕೇಳಿದ್ದಕ್ಕೆ ಅಲ್ಲಿಯ ಉಸ್ತಾದ ಮರಾಠಿಯಲ್ಲಿ, ಸ್ನಾಯು ಬೆಳೆಯಬೇಕಾದರೆ ಪ್ರತಿ ಸಲ ಅದು ಫೇಲಾಗುವತನಕ ಎತ್ತಬೇಕು, ಅದಕ್ಕೆ ಮೊದಲು ಇಳಿಸಿದ್ದೆಲ್ಲ ವ್ಯರ್ಥ ಎಂದ. ಜೀವಮಾನದಲ್ಲಿ ಮೊದಲ ಸಲ ಆ ಶಬ್ದವನ್ನು ಯಾರೋ ಗೌರವದಿಂದ ಉಚ್ಚರಿಸಿದ್ದನ್ನು ರಾವಸಾಹೇಬ ಕೇಳಿದ. ಅವನ ಕಣ್ಣು ತುಂಬಿ ಬಂತಂತೆ. ಇದು ಅವನೇ ನಮಗೆ ಹೇಳಿದ್ದು.

ಊರಿಗೆ ಬಂದವನೇ ತೋಟದ ಹಳೆಯ ಬೆಲ್ಲದ ಗಾಣದ ಶೆಡ್ಡನ್ನು ಖಾಲಿ ಮಾಡಿಸಿದ. ನೀರೆತ್ತುವ ಇಂಜಿನ್ನಿನ ಮುರುಕು ಗಾಲಿಗಳು ತೂಕವಾದವು. ಟ್ರ್ಯಾಕ್ಟರಿನ ಎಕ್ಸೆಲು ಸರಳಾಯಿತು. ಪೇಂಟರನನ್ನು ಕರೆಸಿ ಬೋರ್ಡು ಬರೆಸಿದ: "ಶ್ರೀ ಮಾರುತಿ ವ್ಯಾಯಾಮ ಮಂದಿರ. ಇಲ್ಲಿ ಫೇಲಾಗುವತನಕ ಕಲಿಸಲಾಗುವುದು." ಹೈಸ್ಕೂಲಿನ ಹೆಡ್‌ಮಾಸ್ತರರು ಖುದ್ದಾಗಿ ಬಂದು, ಆ ಕೆಲಸವನ್ನು ತಮ್ಮ ಶಾಲೆ ಎಷ್ಟೋ ವರ್ಷಗಳಿಂದ ಮಾಡಿಕೊಂಡು ಬಂದಿದೆ, ದಯವಿಟ್ಟು ಬೋರ್ಡು ಬದಲಿಸಿ ಎಂದು ಕೈಮುಗಿದರು. ಬೋರ್ಡು ಬದಲಾಗಲಿಲ್ಲ. ತಾಲೀಮಿನ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಊರು ರಾವಸಾಹೇಬನಿಗೆ ಒಂದೇ ವಾರದಲ್ಲಿ 'ಫೇಲ್ ವಸ್ತಾದ' ಎಂಬ ಪದವಿ ದಯಪಾಲಿಸಿತು. ಅವನು ಅದನ್ನು ಸನ್ಮಾನವೆಂದೇ ಸ್ವೀಕರಿಸಿದ.

ನಾವೆಲ್ಲ ಸೇರಿದೆವು. ಬೇರೆ ಮಾಡಲು ಏನಿತ್ತು? ವಸ್ತಾದನ ನಿಯಮ ಒಂದೇ: ಕೈ ತಾನಾಗಿ ಬೀಳಬೇಕು. ನೀನಾಗಿ ಇಳಿಸಿದರೆ ಅದು ಲೆಕ್ಕಕ್ಕಿಲ್ಲ. ನೀರು ಕುಡಿದರೆ ಹೊಟ್ಟೆ ಭಾರವಾಗುತ್ತದೆ ಎಂದು ಶೆಡ್ಡಿನಲ್ಲಿ ನೀರಿನ ಕೊಡವನ್ನೂ ಇಡುತ್ತಿರಲಿಲ್ಲ. ಒಂದು ತಿಂಗಳಲ್ಲಿ ಹಾರೂಗೇರಿಯಲ್ಲಿ ಒಂದು ಹೊಸ ಜಾತಿಯ ತರುಣರು ಕಾಣಿಸಿಕೊಂಡರು. ಇವರಿಗೆ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಹೋಟೆಲಿನಲ್ಲಿ ಕಪ್ಪನ್ನು ಬಾಯಿಗೆ ಒಯ್ಯಲಾರದೆ ಬಾಯನ್ನೇ ಕಪ್ಪಿನತ್ತ ಒಯ್ಯುತ್ತಿದ್ದರು. ಹಿರಿಯರು ಎದುರಾದರೆ ನಮಸ್ಕಾರಕ್ಕೆ ಕೈ ಎತ್ತದೆ ಬರೇ ತಲೆ ಅಲ್ಲಾಡಿಸುತ್ತಿದ್ದರಿಂದ ಸೊಕ್ಕಿನವರು ಎಂಬ ಹೆಸರೂ ಬಂತು. ವಸ್ತಾದನ ಮೆಚ್ಚಿನ ಶಿಷ್ಯ ಭೀಮಸಿ ತನ್ನ ಅಕ್ಕನ ಮದುವೆಯಲ್ಲಿ ಅಕ್ಷತೆ ಎಸೆಯಲಾರದೆ, ವಧೂವರರ ಪಾದದ ಹತ್ತಿರ ಹೋಗಿ ಮೆಲ್ಲಗೆ ಸುರಿದು ಬಂದ. ಭಟ್ಟರು ಇದು ಯಾವ ಊರಿನ ಪದ್ಧತಿ ಎಂದು ವಿಚಾರಿಸಿದರು.

ಇಂಥ ಪುಣ್ಯಕ್ಷೇತ್ರದಲ್ಲಿ ಒಬ್ಬನೇ ಒಬ್ಬ ನಾಸ್ತಿಕನಿದ್ದ. ಅವನ ಹೆಸರು ಬಾಹುಬಲಿ. ಜೈನರ ಮನೆಯ ಹುಡುಗ, ತಂದೆ ಸಾಕಿದ ಎಮ್ಮೆಗಳನ್ನು ನೋಡಿಕೊಳ್ಳುವುದು ಅವನ ಪಾಲಿನ ಕೆಲಸ. ಅವನು ಎತ್ತುತ್ತಿದ್ದ, ಚೆನ್ನಾಗಿಯೇ ಎತ್ತುತ್ತಿದ್ದ. ಆದರೆ ಇನ್ನೆರಡು ಸಲ ಎತ್ತಬಹುದು ಎನ್ನುವಾಗಲೇ ಸರಳನ್ನು ಜೋಪಾನವಾಗಿ ಇಳಿಸಿ ಎದ್ದುಬಿಡುತ್ತಿದ್ದ.

"ಲೇ ಬಾಹುಬಲಿ, ಇನ್ನ ಐತಲೇ ಕೈಯಾಗ!" ಎಂದು ವಸ್ತಾದ ಒದರುತ್ತಿದ್ದ.

"ಐತ್ರಿ. ಅದನ್ನ ಎಮ್ಮಿಗೆ ಇಟ್ಟೇನ್ರಿ."

"ಎಮ್ಮಿಗೆ?"

"ಈಗ ಹೋಗಿ ಹಿಂಡಬೇಕಲ್ರಿ. ಕೈ ಸೋತ್ರ ಎಮ್ಮಿ ಒದಿತೈತಿ. ನೀವು ಒದರ್ತೀರಿ, ಅದು ಒದಿತೈತಿ. ನನಗ ನಿಮ್ದ ಹಗುರ."

ಇಷ್ಟೇ ಅವನ ತತ್ವಜ್ಞಾನ. ಅವನು ಯಾವ ಪುಸ್ತಕವನ್ನೂ ಓದಿರಲಿಲ್ಲ, ಯಾವ ಗುರುವನ್ನೂ ಕೇಳಿರಲಿಲ್ಲ. ಒದೆ ತಿನ್ನಲು ಮನಸ್ಸಿರಲಿಲ್ಲ, ಸ್ವಭಾವತಃ ಸ್ವಲ್ಪ ಸೋಮಾರಿ. ವಸ್ತಾದ ಅವನಿಗೆ ಕಂಜೂಸ ಎಂದು ಹೆಸರಿಟ್ಟ. ಉಳಿದವರಿಗೆ ಪಾಠ ಹೇಳುವಾಗ "ಆ ಕಂಜೂಸನಂಗ ಆಗಬ್ಯಾಡ್ರಿ" ಎಂದು ಬೆರಳು ತೋರಿಸುತ್ತಿದ್ದ. ಬೆರಳು ಎತ್ತಲು ಆಗದ ದಿನಗಳಲ್ಲಿ ಗದ್ದದಿಂದ ತೋರಿಸುತ್ತಿದ್ದ.

ಒಂದೆರಡು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಚಳಿಗಾಲದಲ್ಲಿ, ಕೃಷ್ಣಾ ದಂಡೆಯ ಜುಗೂಳದಿಂದ ಸುದ್ದಿ ಬಂತು. ಅಲ್ಲಿಯ ತರುಣ ಮಂಡಳದವರು ಸಂಕ್ರಾಂತಿಯ ಮರುದಿನ ಉಸುಕಿನ ಚೀಲ ಎತ್ತುವ ಸ್ಪರ್ಧೆ ಇಟ್ಟಿದ್ದಾರೆ, ಗೆದ್ದವನಿಗೆ ಬೆಳ್ಳಿ ಕಡಗ, ತಲೆಗೆ ಪಟಗ. ರಾವಸಾಹೇಬ ಶಿಷ್ಯರನ್ನು ಕಳಿಸಬಹುದಿತ್ತು. ಅವನು ತಾನೇ ಹೋಗುವುದಾಗಿ ಘೋಷಿಸಿದ. ಹಾರೂಗೇರಿಯ ಫೇಲ್ ಎಂದರೆ ಏನು ಎಂಬುದನ್ನು ನದಿಯ ದಂಡೆಯವರಿಗೂ ತೋರಿಸಬೇಕಿತ್ತು.

ತಯಾರಿ ಶುರುವಾಯಿತು. ದಿನಕ್ಕೊಂದು ಸಲ ಸೋಲುತ್ತಿದ್ದವನು ಎರಡು ಹೊತ್ತೂ ಸೋಲತೊಡಗಿದ. ಹೆಂಡತಿ ಗೌರಾಬಾಯಿ ರೊಟ್ಟಿ ಮುರಿದು ಕೊಡಬೇಕಾಯಿತು. ಕೈ ಎತ್ತಲಾರದ ಗಂಡನಿಗೆ ಅಂಗಿ ತೊಡಿಸಬೇಕಾಯಿತು. ಅವಳು ಮಾತು ಕಡಿಮೆಯವಳು, ಆಡಿದರೆ ಬೇರೆಯವರಿಗೆ ಆಡಲು ಏನೂ ಉಳಿಯುತ್ತಿರಲಿಲ್ಲ.

"ಸೋಲಾಕ ಜುಗೂಳಕ್ಕ ಯಾಕ ಹೋಗ್ತೀರಿ? ಮನ್ಯಾಗ ಸೋತ್ರ ಯಾರೂ ನೋಡೂದಿಲ್ಲ."

"ನಿನಗ ತಿಳಿಯಂಗಿಲ್ಲ, ಸುಮ್ನಿರು. ಇದು ಶಾಸ್ತ್ರ ಐತಿ."

"ಹೌದೇನ್ರಿ? ಹಂಗಾದ್ರ ಶಾಸ್ತ್ರಕ್ಕ ಹೇಳ್ರಿ, ಗುಂಡಿ ಹಾಕಲಿ" ಎಂದು ಅವಳು ಅಂಗಿಯನ್ನು ಅರ್ಧಕ್ಕೇ ಬಿಟ್ಟು ಹೋದಳು.

ಸ್ಪರ್ಧೆಯ ಹಿಂದಿನ ದಿನವೂ ವಸ್ತಾದ ರಜೆ ತೆಗೆದುಕೊಳ್ಳಲಿಲ್ಲ. ಹಾಗೆ ಮಾಡುವುದು ಹೇಡಿತನ. ಅಂದು ಅವನು ಎಂದಿಗಿಂತ ಘನವಾಗಿ ಫೇಲಾದ. ಪರಿಣಾಮವಾಗಿ ಮರುದಿನ ಬೆಳಗ್ಗೆ ಜೀಪಿನ ಸ್ಟಿಯರಿಂಗ್ ತಿರುಗಿಸಲು ಅವನಿಂದ ಆಗಲಿಲ್ಲ. ಭೀಮಸಿಯಿಂದಲೂ ಆಗಲಿಲ್ಲ. ಕೈ ಗಟ್ಟಿ ಇದ್ದವನು ಊರಲ್ಲಿ ಒಬ್ಬನೇ. ಹೀಗಾಗಿ ಆ ಕಂಜೂಸನೇ ವಸ್ತಾದನ ದಂಡಯಾತ್ರೆಯ ಸಾರಥಿಯಾದ. ಸಂಜೆಯ ಹಾಲಿನ ಹೊತ್ತಿಗೆ ತಾನು ಊರಿಗೆ ವಾಪಸು ಬಂದಿರಬೇಕು ಎಂಬುದು ಅವನ ಒಂದೇ ಕರಾರು.

ಜುಗೂಳದ ದಂಡೆಯಲ್ಲಿ ಹಸಿ ಉಸುಕು ತುಂಬಿದ ಚೀಲಗಳನ್ನು ಸಾಲಾಗಿ ಇಟ್ಟಿದ್ದರು, ಒಂದಕ್ಕಿಂತ ಒಂದು ಭಾರ. ಎತ್ತಿ ಹೆಗಲಿಗೇರಿಸಿ ನೆಟ್ಟಗೆ ನಿಂತರೆ ಆಯಿತು. ಮೈಕಿನವನು ರಾವಸಾಹೇಬನ ಎದೆ ನೋಡಿದವನೇ ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಅವನ ಹೆಸರು ಸಾರಿ, ಮಂದಿಯಿಂದ ಚಪ್ಪಾಳೆ ಹಾಕಿಸಿದ. ವಸ್ತಾದ ಗಂಭೀರವಾಗಿ ನಡೆದುಹೋಗಿ ಮೊದಲನೆಯ ಚೀಲವನ್ನೇ ತಬ್ಬಿದ. ಅದು ಎಲ್ಲಕ್ಕಿಂತ ಹಗುರಾದದ್ದು, ಮೈ ಕಾಯಿಸಿಕೊಳ್ಳಲೆಂದು ಇಟ್ಟದ್ದು. ಚೀಲ ಮೊಣಕಾಲಿನವರೆಗೆ ಬಂತು. ಅಲ್ಲಿ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಚೀಲ ಧೊಪ್ಪನೆ ಬಿತ್ತು. ಜುಗೂಳದ ಮಂದಿ ಸಜ್ಜನರು, ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ನಕ್ಕರು.

"ನಿನ್ನಿ ಇದರಪ್ಪನಂಥಾದ್ದು ಎತ್ತೇನಿ!" ಎಂದು ರಾವಸಾಹೇಬ ಕೂಗಿದ.

ಮೈಕಿನವನು ವಿನಯದಿಂದ, "ನಿನ್ನಿ ಎತ್ತಿದ್ದು ಇವತ್ತ ನಡ್ಯಂಗಿಲ್ರಿ ಸಾವಕಾರ್ರ" ಎಂದ.

ಭೀಮಸಿಯ ಗತಿಯೂ ಅದೇ ಆಯಿತು. ಹಾರೂಗೇರಿಯ ಮಾನ ಹೋಗುತ್ತಿರುವುದನ್ನು ಕಂಡು ನಾವೇ ನಾಲ್ಕು ಜನ ಬಾಹುಬಲಿಯನ್ನು ಜೀಪಿನಿಂದ ಎಳೆದು ತಂದೆವು. ಅವನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಚಿ, ಮೊದಲ ಚೀಲ ಎತ್ತಿದ. ಎರಡನೆಯದನ್ನೂ ಎತ್ತಿದ. ಒಬ್ಬೊಬ್ಬರಾಗಿ ಬೇರೆ ಊರಿನವರು ಹಿಂದೆ ಸರಿಯುತ್ತ ಹೋದರು. ಕೊನೆಗೆ ಕಣದಲ್ಲಿ ಅವನೊಬ್ಬನೇ ಉಳಿದ. ಇನ್ನು ಒಂದು ಚೀಲ ಬಾಕಿ ಇತ್ತು, ಎಲ್ಲಕ್ಕಿಂತ ದೊಡ್ಡದು, ಅದುವರೆಗೆ ಯಾರೂ ಎತ್ತದ್ದು. ಗೆಲುವು ಹೇಗೂ ನಿನ್ನದೇ, ಅದನ್ನೂ ಎತ್ತಿ ಹೆಸರು ಮಾಡು ಎಂದು ಮಂದಿ ಶಿಳ್ಳೆ ಹೊಡೆದರು.

ಬಾಹುಬಲಿ ಆ ಚೀಲವನ್ನು ಒಮ್ಮೆ ನೋಡಿದ. ಆಮೇಲೆ ಸೂರ್ಯನನ್ನು ನೋಡಿದ. "ಬ್ಯಾಡ್ರಿ. ಹೊತ್ತಾತು, ಎಮ್ಮಿ ಹಿಂಡೂದೈತಿ" ಎಂದು ಕಡಗ ತೊಟ್ಟುಕೊಂಡು ಜೀಪಿನ ಕಡೆ ನಡೆದ.

ದಾರಿಯುದ್ದಕ್ಕೂ ವಸ್ತಾದ ಮಾತಾಡಲಿಲ್ಲ. ನಾವು ಅದನ್ನು ಪಶ್ಚಾತ್ತಾಪ ಎಂದು ತಿಳಿದದ್ದು ನಮ್ಮ ದಡ್ಡತನ. ಅವನು ಕಂಡುಕೊಂಡ ಸತ್ಯ ಬೇರೆ ಇತ್ತು: ತಾನು ಸೋತದ್ದು ಸಾಕಷ್ಟು ಫೇಲಾಗದ ಕಾರಣ. ಮರುದಿನ ಬೆಳಗ್ಗೆ ಶೆಡ್ಡಿನ ಬಾಗಿಲು ಹಾಕಿಕೊಂಡು ಬೈಠಕ್ ತೆಗೆಯಲು ನಿಂತ. ಹನಿ ನೀರು ಕುಡಿಯಲಿಲ್ಲ. ಬಿದ್ದರೆ ಏಳುವುದು, ಎದ್ದರೆ ಮತ್ತೆ ಬೀಳುವವರೆಗೆ ಕೂತು ಏಳುವುದು. ಮಧ್ಯಾಹ್ನದ ಬಿಸಿಲಿಗೆ ಗೌರಾಬಾಯಿ ಊಟಕ್ಕೆ ಕರೆಯಲು ಬಂದಾಗ ಅವನು ನೆಲದ ಮೇಲೆ ಕಾಲು ಚಾಚಿ ಬಿದ್ದಿದ್ದ, ತೊಡೆಗಳು ಕಲ್ಲಾಗಿದ್ದವು. ಮುಖದಲ್ಲಿ ಮಾತ್ರ ಸಾಂಗ್ಲಿಯ ಆ ತರುಣನ ಕಳೆ. ಅಂದು ಸಂಜೆಯಿಂದ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತು. ಮಾರನೆಯ ದಿನ ಅದೂ ನಿಂತಿತು.

ಬಾಹುಬಲಿಯೇ ಜೀಪು ಹೊಡೆದ. ಮಿರಜಿನ ದವಾಖಾನೆಯಲ್ಲಿ ಡಾಕ್ಟರರು ಯಾರು ಹೊಡೆದದ್ದು ಎಂದು ಮೊದಲು ಕೇಳಿದರು, ಇಷ್ಟು ಸ್ನಾಯು ಹಾಳಾಗಲು ಲಾಠಿ ಏಟು ಬಿದ್ದಿರಬೇಕು ಎಂದು. ಯಾರೂ ಹೊಡೆದಿಲ್ಲ, ತಾನೇ ಮಾಡಿಕೊಂಡದ್ದು ಎಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ವಿವರಿಸಿದರು: ತೊಡೆಯ ಸ್ನಾಯು ಒಡೆದು ರಕ್ತದಲ್ಲಿ ಸೇರಿದೆ, ಮೂತ್ರಪಿಂಡಗಳು ಅದನ್ನು ಸೋಸಲಾರದೆ ಕೂತುಬಿಟ್ಟಿವೆ.

"ಅಂದ್ರ ಮೂತ್ರಪಿಂಡನೂ ಫೇಲ್ ಏನ್ರಿ?" ಎಂದು ರಾವಸಾಹೇಬ ಮಂಚದ ಮೇಲಿಂದ ಕ್ಷೀಣ ದನಿಯಲ್ಲಿ ಕೇಳಿದ.

"ಹೌದು" ಎಂದರು ಡಾಕ್ಟರರು. ಯಾರೂ ನಗಲಿಲ್ಲ.

ಕೆಲವು ದಿನ ಏನಾಗುತ್ತದೋ ಹೇಳುವಂತಿರಲಿಲ್ಲ. ಸಲಾಯಿನ್ ಬಾಟಲಿಗಳು ಬದಲಾಗುತ್ತಲೇ ಇದ್ದವು. ಗೌರಾಬಾಯಿ ವರಾಂಡದ ಗೋಡೆಗೆ ಒರಗಿ ಕೂತವಳು ಎದ್ದು ಊಟಕ್ಕೂ ಹೋಗಲಿಲ್ಲ. ಅವಳ ಬಾಯಿಂದ ಒಂದು ಕೊಂಕು ಮಾತೂ ಬರದ್ದನ್ನು ನೋಡಿ ನಮಗೆ ನಿಜಕ್ಕೂ ಹೆದರಿಕೆಯಾಯಿತು. ಕೊನೆಗೊಂದು ಬೆಳಗ್ಗೆ ನರ್ಸು ಬಂದು ಮೂತ್ರ ಬಂತು, ಬಣ್ಣವೂ ತಿಳಿಯಾಗಿದೆ ಎಂದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಜಲ್ಮದಾಗ ಒಂದ್ ಪರೀಕ್ಷಾ ಪಾಸ್ ಆದ್ರು ನೋಡ್ರಿ" ಎಂದಳು. ಆಗ ನಮಗೆ ಧೈರ್ಯ ಬಂತು.

ಬಾಹುಬಲಿ ವಾರಕ್ಕೊಮ್ಮೆ ನೋಡಲು ಬರುತ್ತಿದ್ದ. ರಾವಸಾಹೇಬ ಅವನನ್ನು ಕಂಡರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಒಂದು ದಿನ ಗೋಡೆಯನ್ನೇ ನೋಡುತ್ತ ಕೇಳಿದ:

"ಆ ಕಡೀ ಚೀಲ. ಖರೇ ಹೇಳು. ಎತ್ತಾಕ ಆಗ್ತಿತ್ತೇನ?"

"ಆಗ್ತಿತ್ತ್ರಿ."

"ಮತ್ತ ಯಾಕ ಎತ್ತಲಿಲ್ಲ?"

"ಕಡಗ ಆಗಲೇ ಸಿಕ್ಕಿತ್ತಲ್ರಿ" ಎಂದ.

ಇದರಲ್ಲಿ ಎಲ್ಲೋ ಮೋಸ ಇದೆ ಎಂದು ರಾವಸಾಹೇಬ ಸಂಜೆಯವರೆಗೆ ಹುಡುಕಿದ, ಸಿಗಲಿಲ್ಲ ಎಂದು ಗೌರಾಬಾಯಿ ಆಮೇಲೆ ಹೇಳಿದಳು.

ಊರಿಗೆ ಬಂದಾಗ ಅವನ ಅಂಗಿಯೊಳಗೆ ಇನ್ನೊಬ್ಬ ರಾವಸಾಹೇಬನಿಗೆ ಜಾಗವಿತ್ತು. ಹಲವು ತಿಂಗಳು ಏನನ್ನೂ ಎತ್ತಬಾರದು, ಆಮೇಲೆ ಎತ್ತಿದರೂ ಮೈ ಸೋಲುವ ಮೊದಲೇ ನಿಲ್ಲಿಸಬೇಕು, ನೀರು ಕುಡಿಯುತ್ತಿರಬೇಕು ಎಂದು ಡಾಕ್ಟರರು ಗೌರಾಬಾಯಿಗೆ ಹೇಳಿ ಕಳಿಸಿದ್ದರು. ಗಂಡನಿಗೆ ಹೇಳಿ ಉಪಯೋಗವಿಲ್ಲ ಎಂಬಷ್ಟು ಜ್ಞಾನ ಅವರಿಗೂ ಬಂದಿತ್ತು. ಅವನು ಮತ್ತೆ ಸರಳು ಮುಟ್ಟಿದ ದಿನ ಗೌರಾಬಾಯಿ ಶೆಡ್ಡಿಗೆ ಬಂದು, ಬಾಗಿಲ ಬಳಿ ಮಣೆ ಹಾಕಿಕೊಂಡು, ಮೆಂತ್ಯದ ಸೊಪ್ಪು ಸೋಸುತ್ತ ಕೂತಳು. ಪಕ್ಕದಲ್ಲಿ ನೀರಿನ ಕೊಡ. ತಾಲೀಮಿನಲ್ಲಿ ಹೆಂಗಸು! ನಾವೆಲ್ಲ ಅಂಗಿ ಹುಡುಕಿಕೊಂಡೆವು.

ರಾವಸಾಹೇಬ ಎತ್ತುತ್ತಿದ್ದ. ಅವಳು ಸೊಪ್ಪಿನಿಂದ ತಲೆ ಎತ್ತಿ, "ಮಾರಿ ಕೆಂಪಾತು. ಇಳಸ್ರಿ" ಎನ್ನುತ್ತಿದ್ದಳು.

"ಇನ್ನ ಐತಿ ಕೈಯಾಗ!"

"ಇರಲಿ ಬಿಡ್ರಿ. ನಾಳೆಗೆ ಬೇಕಾಕ್ಕೈತಿ."

ಇಷ್ಟು ನಿಖರವಾಗಿ ಹೇಗೆ ಗೊತ್ತಾಗುತ್ತದೆ ಎಂದು ನಾವು ಕೇಳಿದ್ದಕ್ಕೆ, ಇದರಲ್ಲೇನು ವಿದ್ಯೆ, ಜಗಳಕ್ಕೆ ಮೊದಲು ಅವರ ಮುಖ ಹೀಗೇ ಆಗುತ್ತದೆ, ಅಲ್ಲಿಯೂ ಇದೇ ಹೊತ್ತಿಗೆ ನಿಲ್ಲಿಸುತ್ತೇನೆ ಎಂದಳು.

ರಾವಸಾಹೇಬ ಮೊದಮೊದಲು ಅವಮಾನದಿಂದ ಕುದಿದ. ಆಮೇಲೆ ಅವನ ಅರಿವಿಗೆ ಬಾರದಂತೆ ಸರಳಿನ ಮೇಲೆ ಗಾಲಿಗಳು ಹೆಚ್ಚುತ್ತ ಬಂದವು. ಹಿಂದೆ ಸೋತು ಸುಣ್ಣವಾಗಿ ಮುಟ್ಟಿದ ಭಾರವನ್ನು ಈಗ ಮಾತಾಡುತ್ತ ಎತ್ತುತ್ತಿದ್ದ. ಎರಡು ವರ್ಷದ ಮೇಲೆ ಜುಗೂಳಕ್ಕೆ ಮತ್ತೆ ಹೋಗಿ ಮೊದಲನೆಯವನಾಗಿ ಪಟಗ ಸುತ್ತಿಸಿಕೊಂಡು ಬಂದ. ಬಾಹುಬಲಿಯ ಎಮ್ಮೆ ಅಂದೇ ಈದಿತ್ತು, ಅವನು ಸ್ಪರ್ಧೆಗೆ ಬಂದಿರಲಿಲ್ಲ ಎಂಬ ಸಣ್ಣ ಸಂಗತಿಯನ್ನು ಯಾರೂ ಎತ್ತಲಿಲ್ಲ.

ಗೆದ್ದುಬಂದ ರಾವಸಾಹೇಬ ನಮ್ಮನ್ನೆಲ್ಲ ಕೂಡಿಸಿ ಭಾಷಣ ಮಾಡಿದ. ಫೇಲಾಗುವತನಕ ಎತ್ತುವವನು ಮೂರ್ಖ. ಕೈಯಲ್ಲಿ ಎರಡು ಉಳಿಸಿ ಇಳಿಸಬೇಕು. ಇದನ್ನು ನಾನು ಮೊದಲಿನಿಂದಲೂ ಹೇಳುತ್ತಿದ್ದೆ, ನೀವು ಯಾರೂ ಕೇಳಲಿಲ್ಲ! ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗೌರಾಬಾಯಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದುಹೋದಳು.

ಈ ಧರ್ಮಾಂತರದಿಂದ ನಿಜವಾಗಿ ನೊಂದವನು ಭೀಮಸಿ. ಅಕ್ಷತೆ ಎಸೆಯಲಾಗದಷ್ಟು ನಿಷ್ಠೆಯಿಂದ ಸೋತಿದ್ದ ಅವನು, ಈಗ ಅದೆಲ್ಲ ಮೂರ್ಖತನವಾಗಿತ್ತು ಎಂದರೆ ಹೇಗೆ ಸಹಿಸಿಯಾನು? "ವಸ್ತಾದ ಹೆಂಗಸರ ಮಾತ ಕೇಳಿ ಮೆತ್ತಗಾಗ್ಯಾನ" ಎಂದು ಹೇಳಿ ಅವನು ರಾಯಬಾಗದಲ್ಲಿ ಹೊಸದಾಗಿ ಶುರುವಾಗಿದ್ದ ಜಿಮ್ಮಿಗೆ ಹೊರಟುಹೋದ. ಅಲ್ಲಿ ಗೋಡೆತುಂಬ ಕನ್ನಡಿ, ಟೇಪ್‌ರೆಕಾರ್ಡರಿನಲ್ಲಿ ಹಿಂದಿ ಹಾಡು, ಕಿವಿಯ ಹತ್ತಿರ ಬಂದು "ಇನ್ನೊಂದು, ಇನ್ನೊಂದು" ಎಂದು ಅರಚಲು ಬನಿಯನ್ನು ತೊಟ್ಟ ಒಬ್ಬ ಮಾಸ್ತರ. ಫೇಲಾಗಲು ಇದಕ್ಕಿಂತ ಸುಸಜ್ಜಿತ ವ್ಯವಸ್ಥೆ ಆಗ ತಾಲೂಕಿನಲ್ಲಿ ಇರಲಿಲ್ಲ.

ಶಿಷ್ಯನನ್ನು ಕರೆತರಲು ರಾವಸಾಹೇಬ ಒಮ್ಮೆ ಅಲ್ಲಿಗೆ ಹೋದ, ಜೊತೆಗೆ ನಾನೂ ಇದ್ದೆ. ಮಾಸ್ತರ ಇವನನ್ನು ಹೊಸ ಗಿರಾಕಿ ಎಂದು ತಿಳಿದು ಬೆಂಚಿನ ಮೇಲೆ ಮಲಗಿಸಿದ. ರಾವಸಾಹೇಬ ಎತ್ತಿದ, ಸಲೀಸಾಗಿ, ಉಸಿರು ಕೆಡದಂತೆ. ಆಮೇಲೆ ಸರಳನ್ನು ಸ್ಟ್ಯಾಂಡಿಗೆ ಇಟ್ಟ.

"ಇನ್ನೊಂದ! ಆಕ್ಕೈತಿ ನಿಮಗ! ಇನ್ನೊಂದ!" ಮಾಸ್ತರ ಅರಚಿದ.

"ಆಕ್ಕೈತಿ" ಎಂದ ರಾವಸಾಹೇಬ ಎದ್ದು ಕೂಡುತ್ತ. "ಒಲ್ಲೆ."

ಆ ಜಿಮ್ಮಿನಲ್ಲಿ ಆ ಶಬ್ದವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಮಾಸ್ತರ ಟೇಪ್‌ರೆಕಾರ್ಡರನ್ನೇ ಬಂದ್ ಮಾಡಿದ. ಭೀಮಸಿ ಕನ್ನಡಿಯಲ್ಲಿ ವಸ್ತಾದನನ್ನು ನೋಡಿದ, ಆದರೆ ತಿರುಗಲಿಲ್ಲ. ನಾವು ಬಂದ ಹಾದಿಯಲ್ಲೇ ಹಿಂದಿರುಗಿದೆವು. ಬಸ್ಸಿನಲ್ಲಿ ರಾವಸಾಹೇಬ, "ಅವಗ ಫೇಲಾಗೂದ ಕಲಿಸಿದಾಂವ ನಾನ ಅಲ್ಲೇನೋ, ಅದ ತ್ರಾಸ" ಎಂದಷ್ಟೇ ಅಂದ. ಅವನು ಅಂಥ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ವರ್ಷಗಟ್ಟಲೆ ಊರಲ್ಲಿ ಎರಡು ಪಂಥಗಳಾದವು. ರಾಯಬಾಗದ ಬಸ್ಸು ಹತ್ತುವವರು ಫೇಲಿನವರು, ಶೆಡ್ಡಿಗೆ ಬರುವವರು ಉಳಿಕೆಯವರು. ಚಹಾದಂಗಡಿಯಲ್ಲಿ ಬೇರೆ ಬೇರೆ ಬೆಂಚು. ಯಾರ ತೋಳು ದಪ್ಪ ಎಂಬುದರ ಮೇಲೆ ಗೆಳೆತನಗಳು ಮುರಿದವು. ಅಳೆದು ನೋಡೋಣ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅಳತೆ ಬಂದರೆ ವಾದ ಹೋಗುತ್ತದಲ್ಲ.

೧೯೯೬ರಲ್ಲಿ ಭೀಮಸಿಯ ಮದುವೆ ಗೊತ್ತಾಯಿತು. ಸಫಾರಿ ಹೊಲಿಸಲು ಅವನು ಬಸ್‌ಸ್ಟ್ಯಾಂಡಿನ ಎದುರಿನ ದಶರಥ ಟೇಲರನ ಅಂಗಡಿಗೆ ಬಂದ ದಿನವೇ ಬಾಹುಬಲಿ ಅಂಗಿ ಹೊಲಿಸಲು ಬಂದಿದ್ದ. ರವಿಕೆಯ ಬಟ್ಟೆ ಕೊಡಲು ಬಂದ ಗೌರಾಬಾಯಿ, ಅವಳ ಹಿಂದೆ ರಾವಸಾಹೇಬ. ಇಷ್ಟು ಜನಕ್ಕೆ ಆ ಅಂಗಡಿ ಸಾಲದು. ಯಾರೂ ಯಾರ ಮುಖವನ್ನೂ ನೋಡದಿರಲು ಬಹಳ ಕಷ್ಟಪಡಬೇಕಾಯಿತು. ದಶರಥ ಭೀಮಸಿಯ ತೋಳಿಗೆ ಟೇಪು ಸುತ್ತಿ ಅಳತೆ ಹೇಳಿದ. ಆಮೇಲೆ ಬಾಹುಬಲಿಯ ತೋಳಿಗೆ ಸುತ್ತಿದ. ಅದೇ ಅಳತೆಯನ್ನು ಹೇಳಿದ.

"ಇನ್ನೊಮ್ಮಿ ಅಳಿ" ಎಂದ ರಾವಸಾಹೇಬ.

ದಶರಥ ಇನ್ನೊಮ್ಮೆ ಅಳೆದ. "ಒಂದ ತೋಳ ಕತ್ತರಿಸಿ ಇಬ್ಬರಿಗೂ ಹಚ್ಚಬಹುದ್ರಿ. ಕೂದಲೆಳಿ ಫರಕಿಲ್ಲ. ಭೀಮಸಿ ಅವರದು ಭುಜ ಮ್ಯಾಲ ಏಳವಲ್ದು, ನೋವೈತೇನೋ. ಕಂಕಳದಾಗ ಒಂಚೂರ ಸಡ್ಲ ಇಡ್ತೀನಿ. ಅಷ್ಟ."

ಭೀಮಸಿ ತನ್ನ ತೋಳನ್ನು ನೋಡಿಕೊಂಡ, ಬಾಹುಬಲಿಯ ತೋಳನ್ನು ನೋಡಿದ. ಹತ್ತು ವರ್ಷದ ಧರ್ಮಯುದ್ಧ, ಮಿರಜಿನ ದವಾಖಾನೆ, ರಾಯಬಾಗದ ಬಸ್ಸು, ಬೇರೆ ಬೇರೆ ಬೆಂಚಿನ ಚಹಾ, ಎಲ್ಲವೂ ದಶರಥನ ಟೇಪಿನಲ್ಲಿ ಒಂದೇ ಗೆರೆಗೆ ಬಂದು ನಿಂತಿದ್ದವು. ಮೊದಲು ನಕ್ಕವನು ಬಾಹುಬಲಿ. ಭೀಮಸಿ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಆಮೇಲೆ ಅವನು ಬಂದು ರಾವಸಾಹೇಬನ ಕಾಲು ಮುಟ್ಟಿ, "ಲಗ್ನಕ್ಕ ಬರಬೇಕ್ರಿ ವಸ್ತಾದ್ರ" ಎಂದ.

"ಬರ್ತೀನಿ. ಬ್ಯಾರೇ ಏನ್ ಕೆಲಸ ಐತಿ ನನಗ" ಎಂದು ರಾವಸಾಹೇಬ ಮೀಸೆ ತಿರುವಿದ.

ಅಂಗಡಿಯಿಂದ ಇಳಿಯುವಾಗ ಗೌರಾಬಾಯಿ ಕೇಳಿದಳು, "ಹಂಗಾದ್ರ ಇಷ್ಟ ವರ್ಷ ಎರಡೂ ಕಡಿಯವ್ರು ಯಾಕ ಒದರಿದ್ರಿ?"

"ಸಾವಕಾಶ ಮಾತಾಡು" ಎಂದ ರಾವಸಾಹೇಬ ಆಚೀಚೆ ನೋಡಿ. "ಅಳತಿ ಸುದ್ದಿ ಹುಡುಗರ ಮುಂದ ಹೇಳಬ್ಯಾಡ. ಒಬ್ಬನೂ ಶೆಡ್ಡಿನ ಕಡೆ ಬರಂಗಿಲ್ಲ."

ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯ ದಶರಥ ಇಟ್ಟಿರಲಿಲ್ಲ. ಸಂಜೆಯ ಮುಗಳಖೋಡದ ಬಸ್ಸು ಹೊರಡುವಷ್ಟರಲ್ಲಿ ಸುದ್ದಿಯೂ ಸೀಟು ಹಿಡಿದು ಕೂತಿತ್ತು.